ಮಿಲ್ಲಿನ ಕೆಲಸ, ಅಂಗಡಿಯ ಕೆಲಸ: ಎರಡಕ್ಕೆ ಎರಡು ನ್ಯಾಯವೇ?

(ಮಿಲ್ ಕಾರ್ಮಿಕರ ಹಾಗೂ ಚಿಲ್ಲರೆ ವರ್ತಕರ ಕೂಡುಸಭೆಯಲ್ಲಿ ಪಕ್ಷದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಇಂದಿನ ಸಭೆಗೆ ಕಾರ್ಮಿಕರನ್ನೂ ವರ್ತಕರನ್ನೂ ಒಟ್ಟಿಗೆ ಏಕೆ ಕರೆದಿರಿ ಎಂದು ಬರುವಾಗ ಒಬ್ಬರು ನನ್ನನ್ನು ಕೇಳಿದರು. ಒಬ್ಬ ಕೂಲಿ ಕೇಳುವವನು, ಇನ್ನೊಬ್ಬ ಕೂಲಿ ಕೊಡುವವನು, ಇಬ್ಬರಿಗೂ ಒಂದೇ ಚಾಪೆ ಹಾಸಿದರೆ ಹೇಗೆ ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ಉತ್ತರವನ್ನು ಭಾಷಣದ ಕೊನೆಗೆ ಹೇಳುತ್ತೇನೆ. ಮೊದಲು ವಿಷಯಕ್ಕೆ ಬರುತ್ತೇನೆ.

ಒಂದು ಮಿಲ್ಲು ನಿಂತರೆ ಊರಿಗೆಲ್ಲ ಗೊತ್ತಾಗುತ್ತದೆ. ಬೆಳಗಿನ ಸೈರನ್ ಕೂಗುವುದಿಲ್ಲ. ಗೇಟಿನ ಮುಂದೆ ಜನ ಸೇರುತ್ತಾರೆ. ಪೊಲೀಸರು ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ, ಶಾಸಕರೂ ಬರುತ್ತಾರೆ. ಅಂಗಡಿಯೊಂದರ ಬಾಗಿಲು ಮುಚ್ಚಿದರೆ ಏನಾಗುತ್ತದೆ? ಎದುರು ಅಂಗಡಿಯವನು, "ಯಾಕೋ ಎರಡು ದಿವಸದಿಂದ ತೆಗೆದಿಲ್ಲ" ಅನ್ನುತ್ತಾನೆ. ತಿಂಗಳೊಳಗೆ ಬೇರೆ ಬೋರ್ಡು ಬೀಳುತ್ತದೆ. ಒಳಗೆ ದುಡಿಯುತ್ತಿದ್ದ ನಾಲ್ವರು ಎಲ್ಲಿಗೆ ಹೋದರು ಎಂದು ಯಾರೂ ಕೇಳುವುದಿಲ್ಲ.

ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವೆ. ಕೆಲಸ ಕಳೆದುಕೊಂಡವರ ವಿಷಯದಲ್ಲಿ ಮಾತ್ರ ಹನಿಗಳನ್ನು ಎಣಿಸುವವರೇ ಇಲ್ಲ. ಸರ್ಕಾರದ 2023-24ರ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ದುಡಿಯುವ ನೂರು ಮಂದಿಯಲ್ಲಿ ಸುಮಾರು 11 ಮಂದಿ ಕಾರ್ಖಾನೆ ಮತ್ತು ಇತರ ತಯಾರಿಕೆಯಲ್ಲಿದ್ದಾರೆ. ಸುಮಾರು 12 ಮಂದಿ ವ್ಯಾಪಾರ, ಹೋಟೆಲು, ಖಾನಾವಳಿಗಳಲ್ಲಿದ್ದಾರೆ. ತೂಕ ಹೆಚ್ಚುಕಡಿಮೆ ಸಮ. ಕಾಯಿದೆಯ ತಕ್ಕಡಿಯಲ್ಲಿ ಮಾತ್ರ ಸಮವಲ್ಲ.

ಆ ಕಾಯಿದೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇಸರಿಸಬೇಡಿ, ಇದು ನಿಮ್ಮ ಅನ್ನದ ವಿಷಯ. 1947ರ ಕೈಗಾರಿಕಾ ವಿವಾದ ಕಾಯಿದೆಗೆ 1976ರಲ್ಲಿ ಒಂದು ಹೊಸ ಅಧ್ಯಾಯ ಸೇರಿತು. 300 ಮಂದಿಗೆ ಮೇಲ್ಪಟ್ಟು ಕೆಲಸಗಾರರಿರುವ ಕಡೆ ಜನರನ್ನು ಕಡಿತ ಮಾಡುವುದಕ್ಕೆ, ಬಾಗಿಲು ಮುಚ್ಚುವುದಕ್ಕೆ ಸರ್ಕಾರದ ಅನುಮತಿ ಬೇಕು ಎಂದಾಯಿತು. 1984ರಿಂದ ಆ 300 ಎಂಬುದು 100ಕ್ಕೆ ಇಳಿಯಿತು. ಇದು ಕಾರ್ಮಿಕ ಚಳವಳಿ ಹೋರಾಡಿ ಗಳಿಸಿದ ರಕ್ಷಣೆ. ಆದರೆ ಅದರಲ್ಲಿ ಒಂದು ಮಾತು ಇತ್ತು. ಈ ರಕ್ಷಣೆ ಯಾರಿಗೆ? ಕಾರ್ಖಾನೆಗೆ, ಗಣಿಗೆ, ತೋಟಕ್ಕೆ. ಅಷ್ಟೇ. ಅಂಗಡಿ, ಹೋಟೆಲು, ಗೋದಾಮು, ವಿಮಾನ ಕಂಪನಿ ಇವು ಯಾವುವೂ ಅದರೊಳಗಿಲ್ಲ. ಸಾವಿರ ಜನ ದುಡಿಯುವ ದೊಡ್ಡ ವ್ಯಾಪಾರ ಸಂಸ್ಥೆಯಾದರೂ ಸರಿ, ಬಾಗಿಲು ಹಾಕುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

1978ರಲ್ಲಿ ನಮ್ಮ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಸರಕು ಮಾಡುವುದಷ್ಟೇ ಉದ್ಯಮವಲ್ಲ, ಜನರಿಗೆ ಬೇಕಾದ ಸೇವೆ ಒದಗಿಸುವುದೂ ಉದ್ಯಮವೇ ಎಂದು ಏಳು ನ್ಯಾಯಾಧೀಶರ ಪೀಠ ಹೇಳಿತು. ಅದರಿಂದ ಸೇವಾರಂಗದ ದುಡಿಮೆಗಾರನೂ ಕಾರ್ಮಿಕನೇ ಎಂಬ ಮಾತಿಗೆ ಬಲ ಬಂತು. ತೆಗೆದುಹಾಕಿದರೆ ಒಂದು ತಿಂಗಳ ನೋಟೀಸು, ದುಡಿದ ವರ್ಷಕ್ಕೆ 15 ದಿನದ ಕೂಲಿಯಂತೆ ಪರಿಹಾರ ಎಂಬ ಹಕ್ಕು ಅವನಿಗೂ ಇತ್ತು. ಆದರೆ ಮೊದಲೇ ಅಪ್ಪಣೆ ಕೇಳಬೇಕೆಂಬ ಬಲವಾದ ಬೇಲಿ ಕಾರ್ಖಾನೆಯ ಸುತ್ತಲೇ ಉಳಿಯಿತು.

2020ರಲ್ಲಿ ಪಾರ್ಲಿಮೆಂಟು ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಒಪ್ಪಿತು. 2025ರ ನವೆಂಬರ್ 21ರಂದು ಅದು ಜಾರಿಗೆ ಬಂತು. ಅಂಗಡಿಯವರನ್ನು ಬೇಲಿಯೊಳಗೆ ಸೇರಿಸಿಕೊಂಡಿತೇ? ಇಲ್ಲ. ಕಾರ್ಖಾನೆಯವರ ಬೇಲಿಯನ್ನೇ ಹಿಂದಕ್ಕೆ ಸರಿಸಿತು. 100 ಇದ್ದದ್ದು ಮತ್ತೆ 300 ಆಯಿತು. 250 ಮಂದಿ ಇರುವ ಮಿಲ್ಲಿನ ಕಾರ್ಮಿಕ ಇಂದು ಈ ವಿಷಯದಲ್ಲಿ ಅಂಗಡಿಯ ಆಳಿನ ಸಾಲಿನಲ್ಲಿಯೇ ನಿಂತಿದ್ದಾನೆ. ಮಿಲ್ ಬಂಧುಗಳೇ, ಇದನ್ನು ಚೆನ್ನಾಗಿ ಗಮನಿಸಿ. ಅಂಗಡಿಯವನ ಕಷ್ಟ ಅವನದು ಎಂದು ನಾವು ಸುಮ್ಮನಿದ್ದೆವು. ಆ ಕಷ್ಟ ಈಗ ನಡೆದುಕೊಂಡು ನಮ್ಮ ಗೇಟಿಗೇ ಬಂದಿದೆ.

ಹಾಗೆಂದು ಮಿಲ್ಲಿನವರು ಸುಖವಾಗಿದ್ದರು ಎಂದು ನಾನು ಹೇಳುತ್ತಿಲ್ಲ. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಬಹಳ ಮಂದಿ ಮತ್ತೆ ಮಗ್ಗದ ಮುಂದೆ ನಿಲ್ಲಲೇ ಇಲ್ಲ. ಮಿಲ್ಲುಗಳ ನೆಲದ ಮೇಲೆ ಮಹಲುಗಳು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಒಂದಾದ ಮೇಲೊಂದು ಮಿಲ್ಲು ನಿಂತದ್ದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಅಪ್ಪಣೆಯ ಕಾಯಿದೆ ಇದ್ದೂ ಮಿಲ್ಲುಗಳು ಸತ್ತವು. ಅಪ್ಪಣೆ ಕೇಳದೆ ಕರೆಂಟು ಬಿಲ್ಲು ಕಟ್ಟದೆ ಬಿಟ್ಟರೂ ಮಿಲ್ಲು ನಿಲ್ಲುತ್ತದೆ ಎಂಬುದು ಧಣಿಗಳಿಗೆ ಗೊತ್ತು.

ಆದರೂ ಒಂದು ವ್ಯತ್ಯಾಸವಿತ್ತು. ಭದ್ರಾವತಿಯ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಎಲ್ಲ ಪಕ್ಷದ ಮುಖಂಡರೂ ಬಂದು ಮಾತಾಡಿದರು. ಅದಕ್ಕೂ ಹಿಂದೆ, 1986ರಲ್ಲಿ, ಶಾಶ್ವತವಾಗಿ ಮುಚ್ಚಿದ ಬಟ್ಟೆ ಮಿಲ್ಲಿನ ಕಾರ್ಮಿಕರಿಗೆಂದು ಕೇಂದ್ರ ಸರ್ಕಾರ ಒಂದು ನಿಧಿಯನ್ನು ಮಾಡಿತು. ಮೊದಲ ವರ್ಷ ಕೂಲಿಯ ನೂರಕ್ಕೆ 75 ಭಾಗ, ಎರಡನೆಯ ವರ್ಷ 50, ಮೂರನೆಯ ವರ್ಷ 25 ಎಂದು ಲೆಕ್ಕ. ಎಲ್ಲರಿಗೂ ಮುಟ್ಟಲಿಲ್ಲ, ಮುಟ್ಟಿದ್ದು ಸಾಲಲಿಲ್ಲ. ಅದು ನಿಜ. ಆದರೆ ಕೆಲಸ ಹೋದವನೂ ಮೂರು ವರ್ಷ ಉಣ್ಣಬೇಕು ಎಂಬ ತತ್ತ್ವವನ್ನು ಸರ್ಕಾರ ಒಪ್ಪಿತ್ತಲ್ಲ! ಅಂತಹ ನಿಧಿ ಮುಚ್ಚಿದ ಅಂಗಡಿಯ ಆಳಿಗೆ ಎಂದಾದರೂ ಇತ್ತೇ?

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಕಾರ್ಮಿಕ ಸಂಘಗಳ ತವರೆನಿಸಿದ ಇಂಗ್ಲೆಂಡನ್ನು ನೋಡೋಣ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸ್ಕಂತೋರ್ಪ್ ಎಂಬ ಊರಿನ ಉಕ್ಕಿನ ಕಾರ್ಖಾನೆಯ ಕುಲುಮೆಗಳು ಆರುವ ಹಂತಕ್ಕೆ ಬಂದವು. ಸುಮಾರು 2,700 ಮಂದಿಯ ಕೆಲಸಕ್ಕೆ ಕುತ್ತು. ಪಾರ್ಲಿಮೆಂಟಿಗೆ ರಜೆ ಇತ್ತು. ರಜೆಯನ್ನು ಮುರಿದು, ಏಪ್ರಿಲ್ 12ರ ಶನಿವಾರ ಸದಸ್ಯರನ್ನೆಲ್ಲ ಕರೆಸಿ, ಒಂದೇ ದಿನದಲ್ಲಿ ಕಾಯಿದೆ ಮಾಡಿ, ಕಾರ್ಖಾನೆಯ ಆಡಳಿತದ ಮೇಲೆ ಸರ್ಕಾರ ಹಿಡಿತ ಪಡೆಯಿತು. ಬಹಳ ಒಳ್ಳೆಯದಾಯಿತು. ನಾವು ಸಂತೋಷಪಡೋಣ.

ಅದಕ್ಕೆ ಎರಡು ವರ್ಷವೂ ಆಗಿರಲಿಲ್ಲ, 2023ರ ಆಗಸ್ಟ್‌ನಲ್ಲಿ ಅದೇ ದೇಶದಲ್ಲಿ ವಿಲ್ಕೊ ಎಂಬ ಮನೆಬಳಕೆ ಸಾಮಾನಿನ ಕಂಪನಿ ದಿವಾಳಿಯೆದ್ದಿತ್ತು. 400 ಅಂಗಡಿ, ಸುಮಾರು 12,500 ಕೆಲಸಗಾರರು. ಅಕ್ಟೋಬರ್ 8ರ ಹೊತ್ತಿಗೆ ಕೊನೆಯ ಅಂಗಡಿಯ ಬಾಗಿಲೂ ಮುಚ್ಚಿತು. ಉಕ್ಕಿನವರ ನಾಲ್ಕರಷ್ಟಕ್ಕಿಂತ ಹೆಚ್ಚು ಜನ. ಅವರಿಗಾಗಿ ಯಾವ ಶನಿವಾರವೂ ಪಾರ್ಲಿಮೆಂಟು ಸೇರಲಿಲ್ಲ.

ಇನ್ನೂ ಒಂದು ಸಂಗತಿ ಕೇಳಿ. ವುಲ್‌ವರ್ತ್ಸ್ ಎಂಬ ಹಳೆಯ ಅಂಗಡಿ ಕಂಪನಿ ಅಲ್ಲಿ 2009ರ ಜನವರಿಯಲ್ಲಿ ಮುಚ್ಚಿತು. 807 ಅಂಗಡಿಗಳು, ಸುಮಾರು 27,000 ಕೆಲಸಗಳು. ಒಂದು ಕಡೆ 20 ಅಥವಾ ಹೆಚ್ಚು ಜನರನ್ನು ತೆಗೆಯುವುದಾದರೆ ಮೊದಲೇ ಸಂಘದೊಡನೆ ಮಾತುಕತೆ ಆಡಬೇಕು, ತಪ್ಪಿದರೆ ಪರಿಹಾರ ಕೊಡಬೇಕು ಎಂದು ಅಲ್ಲಿನ ಕಾಯಿದೆ. ಕಂಪನಿ ಮಾತುಕತೆ ಆಡಲಿಲ್ಲ. ಸಂಘ ಮೊಕದ್ದಮೆ ಹೂಡಿತು. ಸುಮಾರು 24,000 ಮಂದಿಗೆ ಪರಿಹಾರ ಬಂತು. ಮೂರು ಸಾವಿರಕ್ಕೂ ಹೆಚ್ಚು ಮಂದಿಗೆ ಬರಲಿಲ್ಲ. ಏಕೆ? ಅವರು ದುಡಿಯುತ್ತಿದ್ದ ಅಂಗಡಿಗಳಲ್ಲಿ 20ಕ್ಕಿಂತ ಕಡಿಮೆ ಜನರಿದ್ದರು! ಪ್ರತಿ ಅಂಗಡಿಯನ್ನೂ ಬೇರೆ ಬೇರೆಯಾಗಿ ಎಣಿಸಬಹುದು ಎಂದು ಯೂರೋಪಿನ ನ್ಯಾಯಾಲಯ 2015ರ ಏಪ್ರಿಲ್ 30ರಂದು ತೀರ್ಪಿತ್ತಿತು. ಲಾಭ ಎಣಿಸುವಾಗ 807 ಅಂಗಡಿಯೂ ಒಂದೇ ಕಂಪನಿ. ಪರಿಹಾರ ಎಣಿಸುವಾಗ ಒಂದೊಂದು ಅಂಗಡಿಯೂ ಒಂದೊಂದು ದ್ವೀಪ. ಚದುರಿರುವ ದುಡಿಮೆಗಾರನ ದುರ್ದೈವ ಇದು.

ಇಲ್ಲಿಗೆ ಬರೋಣ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ವಿಮಾನಗಳು ನಿಂತವು. ಸುಮಾರು 20,000 ಮಂದಿಯ ಅನ್ನ ಹೋಯಿತು. ಪೈಲಟ್ಟುಗಳ ಚಿತ್ರ ಪತ್ರಿಕೆಯಲ್ಲಿ ಬಂತು. ಸಾಮಾನು ಹೊರುವವರ, ಕಸ ಗುಡಿಸುವವರ ಚಿತ್ರ ಎಷ್ಟು ಬಂತು? ಕೊನೆಗೆ 2024ರ ನವೆಂಬರ್ 7ರಂದು, ಐದೂವರೆ ವರ್ಷದ ಮೇಲೆ, ಆಸ್ತಿ ಮಾರಿ ಲೆಕ್ಕ ತೀರಿಸಿ ಎಂದು ಸುಪ್ರೀಂ ಕೋರ್ಟು ಹೇಳಿತು. ಸಣ್ಣ ಅಂಗಡಿಗಳನ್ನು ನುಂಗಲು ಬಂದಿದೆ ಎಂದು ನಾವು ಹೆದರಿದ್ದ ಬಿಗ್ ಬಜಾರ್ 2001ರಲ್ಲಿ ಶುರುವಾಗಿ 2022ರಲ್ಲಿ ತಾನೇ ಮುಳುಗಿತು. ಬಾಡಿಗೆ ಬಾಕಿಯ ಕಾರಣಕ್ಕೆ ಅದರ ನೂರಾರು ಮಳಿಗೆಗಳು ಇನ್ನೂ ದೊಡ್ಡ ಕಂಪನಿಯೊಂದರ ಕೈಸೇರಿದವು. ಹೋರಾಟವೆಲ್ಲ ದೊಡ್ಡವರ ನಡುವೆ. ಸಾಮಾನು ಜೋಡಿಸುತ್ತಿದ್ದ ಹುಡುಗ ಹುಡುಗಿಯರು ಆ ಹೋರಾಟದಲ್ಲಿ ಯಾವ ಪಕ್ಷದವರೂ ಅಲ್ಲ.

ಇವೆಲ್ಲ ದೊಡ್ಡ ಊರಿನ ಮಾತು. ನಮ್ಮಂತಹ ಊರಿನ ಒಂದು ಪ್ರಸಂಗ ಹೇಳುತ್ತೇನೆ. ಒಬ್ಬ ಹೆಣ್ಣುಮಗಳು. ಜವಳಿ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಸೀರೆ ಬಿಚ್ಚಿ ತೋರಿಸಿ, ಮಡಿಸಿ ಇಟ್ಟವಳು. ಅಂಗಡಿಯಲ್ಲಿ 12 ಜನ. ಸಂಬಳ 13,000. ಒಂದು ದಿನ ಧಣಿ, "ವ್ಯಾಪಾರ ಇಲ್ಲಮ್ಮ, ನಾಳೆಯಿಂದ ಬರಬೇಡ" ಎಂದರು. ಒಂದು ತಿಂಗಳ ಸಂಬಳ, ಮೇಲೊಂದು ಸೀರೆ ಕೊಟ್ಟರು. ಆಕೆ ನಮಸ್ಕಾರ ಮಾಡಿ ಬಂದಳು. ಧಣಿ ಕೆಟ್ಟವರಲ್ಲ ಎಂದೇ ಆಕೆ ಈಗಲೂ ಹೇಳುತ್ತಾಳೆ.

ಕಾಯಿದೆಯ ಪ್ರಕಾರ ಆಕೆಗೆ ಬರಬೇಕಾದದ್ದು ಎಷ್ಟು? ಲೆಕ್ಕ ಹಾಕೋಣ. ನೋಟೀಸಿನ ಬದಲು ಒಂದು ತಿಂಗಳ ಸಂಬಳ 13,000. ವರ್ಷಕ್ಕೆ 15 ದಿನದಂತೆ ಒಂಬತ್ತು ವರ್ಷದ ಪರಿಹಾರ 58,500. ಹತ್ತು ಜನರಿಗೆ ಕಡಿಮೆಯಿಲ್ಲದ ಅಂಗಡಿಯಾದ್ದರಿಂದ ಗ್ರಾಚ್ಯುಯಿಟಿ ಉಂಟು. ತಿಂಗಳಿಗೆ 26 ದಿನದ ಲೆಕ್ಕದಲ್ಲಿ ಅದು 67,500. ಒಟ್ಟು 1,39,000 ರೂಪಾಯಿ. ಕೈಗೆ ಬಂದದ್ದು 13,000 ಮತ್ತು ಒಂದು ಸೀರೆ. ಉಳಿದದ್ದನ್ನು ಕೇಳುವುದಕ್ಕೆ ಆಕೆಯ ಬಳಿ ನೇಮಕದ ಪತ್ರವಿಲ್ಲ, ಸಂಬಳದ ಚೀಟಿಯಿಲ್ಲ, ಜೊತೆಗೆ ನಿಲ್ಲುವ ಸಂಘವಿಲ್ಲ. ಅಂಗಡಿಯ ದುಡಿಮೆಗಾರನಿಗೆ ಇರುವ ಅಲ್ಪ ಹಕ್ಕೂ ಹೀಗೆ ಕಾಗದದಲ್ಲೇ ಉಳಿಯುತ್ತದೆ.

ಈಗ ವರ್ತಕ ಮಿತ್ರರು ಮನಸ್ಸಿನಲ್ಲಿ ಏನು ಹೇಳಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತು. "ವ್ಯಾಪಾರವೇ ನಿಂತಿರುವಾಗ 1,39,000 ಎಲ್ಲಿಂದ ತರಲಿ? ನನ್ನ ಅಂಗಡಿ ಮುಚ್ಚಿದರೆ ನನಗೆ ಯಾರು ಪರಿಹಾರ ಕೊಡುತ್ತಾರೆ?" ಈ ಪ್ರಶ್ನೆಯನ್ನು ತಳ್ಳಿಹಾಕುವವನು ನಾನಲ್ಲ. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. 2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂತು. 2020ರ ಮಾರ್ಚ್‌ನಲ್ಲಿ ಊರಿಗೂರೇ ಬೀಗ ಬಿತ್ತು. 2018ರಲ್ಲಿ ಅಮೆರಿಕೆಯ ವಾಲ್‌ಮಾರ್ಟ್ ಕಂಪನಿ 1,600 ಕೋಟಿ ಡಾಲರು ಸುರಿದು ಬೆಂಗಳೂರಿನ ಫ್ಲಿಪ್‌ಕಾರ್ಟಿನ ನೂರಕ್ಕೆ 77 ಭಾಗವನ್ನು ಕೊಂಡಿತು. ಅಷ್ಟು ಹಣವಿದ್ದವನು ವರ್ಷಗಟ್ಟಲೆ ನಷ್ಟಕ್ಕೆ ಮಾರಬಲ್ಲ. ನಮ್ಮ ಬೀದಿಯ ಕಿರಾಣಿ ಅಂಗಡಿಯವನು ಒಂದು ಮಳೆಗಾಲ ನಷ್ಟ ತಾಳಲಾರ. ಅವನ ಅಂಗಡಿ ಮುಚ್ಚಿದರೆ ಅವನು, ಅವನ ಹೆಂಡತಿ, ಮಗ ಮೂವರ ಕೆಲಸವೂ ಹೋಗುತ್ತದೆ. ಆದರೆ ಅವರನ್ನು ಕೆಲಸ ಕಳೆದುಕೊಂಡವರು ಎಂದು ಯಾವ ಕಛೇರಿಯೂ ಬರೆದುಕೊಳ್ಳುವುದಿಲ್ಲ.

ಮಿಲ್ಲು ನಿಂತಾಗ ಮೊದಲು ಏಟು ಬಿದ್ದದ್ದೂ ಇವನಿಗೇ. ಬಟವಾಡೆಯ ದಿನ ಸಂಜೆ ಎಲ್ಲಿ ಜನ ತುಂಬುತ್ತಿದ್ದರು? ಕಿರಾಣಿ ಅಂಗಡಿಯಲ್ಲಿ, ಜವಳಿ ಅಂಗಡಿಯಲ್ಲಿ. ಉದ್ರಿ ಪುಸ್ತಕದಲ್ಲಿ ಯಾರ ಹೆಸರಿತ್ತು? ಮಿಲ್ ಕಾರ್ಮಿಕನದು. ಬಟವಾಡೆ ನಿಂತ ಮೇಲೆ ಉದ್ರಿ ವಸೂಲಾಗಲಿಲ್ಲ; ಅಂಗಡಿಗೆ ಹೊಸ ಸರಕು ಬರಲಿಲ್ಲ; ಅಂಗಡಿಯ ಆಳು ಮನೆಗೆ ಹೋದ. ಅರ್ಥಶಾಸ್ತ್ರದ ಪಂಡಿತರು ನಮಗೆ ಏನು ಹೇಳಿದ್ದರು? ಕೈಗಾರಿಕೆಯಲ್ಲಿ ಕೆಲಸ ಹೋದರೆ ಅಂಜಬೇಡಿ, ವ್ಯಾಪಾರದಲ್ಲಿ, ಸೇವೆಯಲ್ಲಿ ಹೊಸ ಕೆಲಸ ಹುಟ್ಟುತ್ತದೆ ಎಂದಿದ್ದರು. ಹುಟ್ಟಿತು, ಇಲ್ಲವೆನ್ನುವುದಿಲ್ಲ. ಮಿಲ್ಲಿನಲ್ಲಿ ಜಾಬರ್ ಆಗಿದ್ದವನ ಮಗ ಇಂದು ಬೈಕಿನ ಮೇಲೆ ಊಟದ ಡಬ್ಬಿ ಹೊತ್ತು ಓಡುತ್ತಾನೆ. ತಂದೆಗೆ ಪ್ರಾವಿಡೆಂಟ್ ಫಂಡ್ ಇತ್ತು, ಇ.ಎಸ್.ಐ. ಆಸ್ಪತ್ರೆ ಇತ್ತು, ಸಂಘದ ಕಾರ್ಡು ಇತ್ತು. ಮಗನಿಗೆ ಇರುವುದು ಮೊಬೈಲು ಒಂದು. ಬೆಳಿಗ್ಗೆ ಅದರಲ್ಲಿ ಅವನ ಲೆಕ್ಕ ತೆರೆಯದಿದ್ದರೆ ಕೆಲಸ ಹೋಯಿತೆಂದು ಅರ್ಥ. ತೆಗೆದುಹಾಕಿದವನ ಮುಖವನ್ನೂ ಅವನು ನೋಡಿರುವುದಿಲ್ಲ.

ಹಾಗಾದರೆ ನಾವು ಏನು ಮಾಡಬೇಕು? ಬರಿಯ ಬೈಗುಳದಿಂದ ಹೊಟ್ಟೆ ತುಂಬುವುದಿಲ್ಲ. ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಮಿಲ್ಲಿನವನಿಗೆ ಸಿಕ್ಕಿದ್ದು ಹೆಚ್ಚಾಯಿತು ಎಂದು ಹೇಳುವವರ ಮಾತಿಗೆ ಅಂಗಡಿಯವರು ಕಿವಿಗೊಡಬೇಡಿ. ಒಬ್ಬನ ಹೊದಿಕೆ ಕಿತ್ತರೆ ಇನ್ನೊಬ್ಬನಿಗೆ ಬೆಚ್ಚಗಾಗುವುದಿಲ್ಲ. ದೊಡ್ಡ ವ್ಯಾಪಾರ ಕಂಪನಿ, ಹೋಟೆಲು, ಗೋದಾಮು, ಸಾಗಣೆ ಸಂಸ್ಥೆ ಇವಕ್ಕೂ ಕಾರ್ಖಾನೆಯ ಕಟ್ಟುಪಾಡೇ ಬೇಕು. ಎಣಿಸುವಾಗ ಅಂಗಡಿಯೊಂದರ ಜನರನ್ನಲ್ಲ, ಇಡೀ ಕಂಪನಿಯ ಜನರನ್ನು ಎಣಿಸಬೇಕು. ವುಲ್‌ವರ್ತ್ಸ್ ಪ್ರಸಂಗದಿಂದ ನಾವು ಕಲಿಯಬೇಕಾದ ಪಾಠ ಇದೇ.

ಎರಡನೆಯದು, ಸಣ್ಣ ಅಂಗಡಿಗಳಿಗೆ ಬೇರೆ ದಾರಿ. ಮೂರು ಜನರಿರುವ ಅಂಗಡಿಯವನ ತಲೆಯ ಮೇಲೆ ಒಂದೇ ದಿನ ಲಕ್ಷ ರೂಪಾಯಿಯ ಹೊರೆ ಹೇರಬೇಡಿ. ನಿಧಿ ಮಾಡಿ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯಿದೆಯಾಯಿತು. ಕಟ್ಟಡದ ವೆಚ್ಚದ ನೂರಕ್ಕೆ ಒಂದು ಭಾಗ ಕಾರ್ಮಿಕರ ಕಲ್ಯಾಣ ಮಂಡಳಿಗೆ ಬರುತ್ತಿದೆ. ಹಮಾಲಿ ಬಂಧುಗಳಿಗಾಗಿ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯಿದೆ ಮಾಡಿತು. ಬೈಕಿನ ಮೇಲೆ ಓಡುವ ಹುಡುಗರಿಗಾಗಿ ನಮ್ಮ ಕರ್ನಾಟಕವೇ 2025ರಲ್ಲಿ ಕಾಯಿದೆ ಮಾಡಿ, ಕಂಪನಿಗಳಿಂದ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಬಹುದೆಂದು ಒಪ್ಪಿತು. ಹಾಗಿರುವಾಗ ಅಂಗಡಿ, ಹೋಟೆಲು ದುಡಿಮೆಗಾರರಿಗೆ ಒಂದು ಮಂಡಳಿ ಏಕೆ ಆಗಬಾರದು? ಹಣದ ದೊಡ್ಡ ಪಾಲು ಮಾಲುಗಳಿಂದ, ಮೊಬೈಲಿನಲ್ಲಿ ಮಾರುವ ಕಂಪನಿಗಳಿಂದ ಬರಲಿ. ಸಣ್ಣ ವರ್ತಕ ತನ್ನ ಶಕ್ತಿಯಷ್ಟು ಕೊಡಲಿ. ತನ್ನ ಅಂಗಡಿಯೇ ಮುಚ್ಚಿದರೆ ಅವನಿಗೂ ಅದರಿಂದ ಕೆಲವು ತಿಂಗಳ ಆಧಾರ ಸಿಗಲಿ.

ಮೂರನೆಯದು, ಕೈಯಲ್ಲಿ ಕಾಗದ ಇರಲಿ. ಹೊಸ ಸಂಹಿತೆಗಳಲ್ಲಿ ನೇಮಕದ ಪತ್ರ ಕೊಡಬೇಕೆಂಬ ಮಾತಿದೆ. ಇಷ್ಟನ್ನಾದರೂ ನಾವು ಬಳಸಿಕೊಳ್ಳೋಣ. ಹತ್ತು ಜನರಿದ್ದರೆ ಇ.ಎಸ್.ಐ., ಇಪ್ಪತ್ತು ಜನರಿದ್ದರೆ ಪ್ರಾವಿಡೆಂಟ್ ಫಂಡ್. ನಿಮ್ಮ ಹೆಸರು ಸೇರಿದೆಯೇ, ನಂಬರು ಇದೆಯೇ, ಕೇಳಿ ತಿಳಿದುಕೊಳ್ಳಿ. ಗೊತ್ತಾಗದಿದ್ದರೆ ಪಕ್ಷದ ಕಛೇರಿಗೆ ಬನ್ನಿ.

ನಾಲ್ಕನೆಯದು, ಸಂಘ. ಮಿಲ್ಲಿನವನಿಗೆ ಒಂದು ಗೇಟು ಇದೆ. ಶಿಫ್ಟು ಬಿಟ್ಟಾಗ ಎಲ್ಲರೂ ಒಂದೇ ಕಡೆ ಸೇರುತ್ತಾರೆ. ಅಂಗಡಿಯವನಿಗೆ ಗೇಟು ಇಲ್ಲ. ಒಬ್ಬೊಬ್ಬನೂ ಒಂದೊಂದು ಬೀದಿಯಲ್ಲಿ, ಒಬ್ಬೊಬ್ಬ ಧಣಿಯ ಕಣ್ಣೆದುರಿನಲ್ಲಿ. ಬಹುಮಂದಿ ಹೆಣ್ಣುಮಕ್ಕಳು, ಎಳೆಯರು. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿದ ಮೇಲೆ ಬಸ್ಸು ಹಿಡಿಯುವ ಆತುರ. ಅವರಿಗೆ ಗೇಟು ಆಗಬೇಕಾದವರು ಮಿಲ್ ಬಂಧುಗಳು. ನಿಮ್ಮ ಸಂಘದ ಕಛೇರಿಯಲ್ಲಿ ವಾರಕ್ಕೊಂದು ಸಂಜೆ ಅಂಗಡಿ, ಹೋಟೆಲು ಕೆಲಸಗಾರರಿಗೆ ಬಿಟ್ಟುಕೊಡಿ. ಅರ್ಜಿ ಬರೆಯಲು ಬಲ್ಲ ಒಬ್ಬ ಹಿರಿಯರು ಅಲ್ಲಿ ಕೂರಲಿ. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ಬರುವ ವಾರದಿಂದಲೇ ಆಗಬಹುದು.

ಇನ್ನು ಮೊದಲಿನ ಪ್ರಶ್ನೆಗೆ ಉತ್ತರ. ಕೂಲಿ ಕೊಡುವವನನ್ನೂ ಕೇಳುವವನನ್ನೂ ಏಕೆ ಒಟ್ಟಿಗೆ ಕೂರಿಸಿದಿರಿ? ಇಬ್ಬರ ಹಿತವೂ ಒಂದೇ ಎಂದು ನಾನು ಸುಳ್ಳು ಹೇಳುವುದಿಲ್ಲ. ವರ್ತಕ ಮಿತ್ರರೇ, ಒಂಬತ್ತು ವರ್ಷ ದುಡಿದವಳನ್ನು ಒಂದು ಸೀರೆ ಕೊಟ್ಟು ಕಳಿಸುವುದು ಧರ್ಮವಲ್ಲ, ಅದು ಬಾಕಿ. ಬಾಕಿ ಎಂದರೆ ಏನೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಬಾಕಿಯನ್ನು ತೀರಿಸಲಾರದ ಸ್ಥಿತಿಗೆ ನಿಮ್ಮನ್ನು ತಂದವರು ಯಾರೋ, ಮಿಲ್ಲಿನ ನೆಲವನ್ನು ಮಾರಿದವರು ಯಾರೋ, ಅವರು ಒಂದೇ ಸಾಲಿನಲ್ಲಿ ಕೂತಿದ್ದಾರೆ. ಅವರು ಒಟ್ಟಿಗೆ ಕೂರುವಾಗ ನಾವು ಬೇರೆ ಬೇರೆ ಏಕೆ ಕೂರಬೇಕು? ಒಂದೇ ಚಾಪೆಯ ಮೇಲೆ ಕೂತು ಜಗಳವನ್ನೂ ಆಡೋಣ, ಲೆಕ್ಕವನ್ನೂ ಮಾಡೋಣ.

ಆ ಹೆಣ್ಣುಮಗಳು ಇಂದು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಹೆಸರು ಹೇಳಬಾರದೆಂದು ಕೇಳಿಕೊಂಡಿದ್ದಾಳೆ, ಹೇಳುವುದಿಲ್ಲ. ಆಕೆಯ ಅರ್ಜಿಯನ್ನು ನಾಳೆ ಬೆಳಿಗ್ಗೆ ಕಾರ್ಮಿಕ ಇಲಾಖೆಯ ಕಛೇರಿಗೆ ಕೊಡುತ್ತೇವೆ. ಒಬ್ಬಳೇ ಹೋದರೆ ಹನಿ. ಬೆಳಿಗ್ಗೆ ಹತ್ತೂವರೆಗೆ ನಿಮ್ಮಲ್ಲಿ ಎಷ್ಟು ಮಂದಿ ಆಕೆಯ ಜೊತೆ ಬರುತ್ತೀರಿ ಎಂಬುದನ್ನು ಹೋಗುವ ಮೊದಲು ಕೈ ಎತ್ತಿ ತಿಳಿಸಿ.